ತನ್ಮಯನ ಗಂಟಲು ಒಡೆದ ವಸಂತ

ಒಂದು ದನಿ ಒಡೆಯುವುದನ್ನು ನೀವು ಹತ್ತಿರದಿಂದ ಕೇಳಿದ್ದೀರಾ?

ನಾನು ಕೇಳಿದೆ. ಫೆಬ್ರವರಿಯ ಒಂದು ಮಂಜಿನ ಬೆಳಿಗ್ಗೆ, ಮೊದಲ ಪೀರಿಯಡ್‌ನಲ್ಲಿ. ಏಳನೇ ಕ್ಲಾಸಿನ ತನ್ಮಯ್ ನನ್ನ ಕೋರಸ್‌ನ ಮುಂದೆ ನಿಂತು ಒಬ್ಬನೇ ಹಾಡುತ್ತಿದ್ದ. ಹೊಳೆಯ ಬಗ್ಗೆ ಒಂದು ಪುಟ್ಟ ಇಂಗ್ಲಿಷ್ ಹಾಡು. ಅದರ ಮೊದಲ ಸಾಲುಗಳಿಗೆ ಪಿಯಾನೋ ಇಲ್ಲ, ಬೇರೆ ಯಾರ ದನಿಯೂ ಇಲ್ಲ. ದನಿ ಮೇಲೇರಿತು. ಇನ್ನೂ ಮೇಲೇರಿತು. ತುತ್ತತುದಿಯ ಸ್ವರವನ್ನು ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ನೆಲದ ಮೇಲೆ ಕುರ್ಚಿ ಎಳೆದಂಥ ಸದ್ದು.

ಕ್ಲಾಸು ನಕ್ಕಿತು. (ಹನ್ನೆರಡು ಹದಿಮೂರರ ಮಕ್ಕಳು ನಗದೆ ಇನ್ನೇನು ಮಾಡುತ್ತಾರೆ?) ತನ್ಮಯನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕ. ನನಗೆ ಸಂಕಟವಾದದ್ದು ಆಗ.

"ಐ ಸೌಂಡ್ ಲೈಕ್ ಎ ಗೋಟ್, ಮಿಸ್," ಅಂದ. ಆಡಿನ ಹಾಗೆ ಒಮ್ಮೆ ಅರಚಿಯೂ ತೋರಿಸಿದ. ಇನ್ನಷ್ಟು ನಗು.

ಅವತ್ತಿನಿಂದ ಅವನು ಹಾಡಲಿಲ್ಲ. ಹಿಂದಿನ ಸಾಲಿಗೆ ಹೋಗಿ ನಿಂತು ಬರೀ ತುಟಿ ಆಡಿಸಿದ. ಕೋರಸ್ ಟೀಚರ್‌ಗೆ ಇದೆಲ್ಲ ಗೊತ್ತಾಗುವುದಿಲ್ಲ ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಸಾರಿಗೆ ಉಪ್ಪು ಬಿದ್ದಿಲ್ಲ ಅಂತ ಗೊತ್ತಾಗುವುದಿಲ್ಲವೇ? ಹಾಗೇ ಗೊತ್ತಾಗುತ್ತದೆ.

ಈ ಅಂಕಣವನ್ನು ಮೊದಲಿಂದ ಓದುತ್ತಿರುವವರಿಗೆ ನನ್ನ ಕೆಲಸ ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ: ಟೆಕ್ಸಸ್‌ನ ರೌಂಡ್ ರಾಕ್ ಮತ್ತು ಜಾರ್ಜ್‌ಟೌನ್ ನಡುವಿನ ಒಂದು ಸರ್ಕಾರಿ ಮಿಡಲ್ ಸ್ಕೂಲಿನಲ್ಲಿ ನಾನು ಮ್ಯೂಸಿಕ್ ಟೀಚರ್. ಆರನೇ ಕ್ಲಾಸಿಗೆ ಜನರಲ್ ಮ್ಯೂಸಿಕ್. ಅಂದರೆ ತಾಳ ತಟ್ಟುವುದು, ಯುಕುಲೇಲೆ ಮೀಟುವುದು, ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿ ಬಡಿಯುವುದು. ಏಳು ಮತ್ತು ಎಂಟಕ್ಕೆ ಕೋರಸ್. ಮನೆಗೊಂದು ಅಡುಗೆ ತರುವ ನಮ್ಮವರ ಪಾಟ್‌ಲಕ್ ಊಟಗಳಲ್ಲಿ ಇದನ್ನು ಹೇಳಿದಾಗ ಯಾರಾದರೊಬ್ಬರು ಪುಳಿಯೋಗರೆಯ ತಟ್ಟೆ ಹಿಡಿದುಕೊಂಡು ಕೇಳಿಯೇ ಕೇಳುತ್ತಾರೆ: "ಮ್ಯೂಸಿಕ್ಕಾ? ಫುಲ್ ಟೈಮಾ?"

ಹೌದು ಸ್ವಾಮಿ, ಫುಲ್ ಟೈಮು.

ಅದರಲ್ಲೂ ಮೊದಲ ಪೀರಿಯಡ್ ಅಂದರೆ ನನಗೆ ಅರ್ಧ ಕನಸು. ಚಳಿಗಾಲದಲ್ಲಿ ಆ ಹೊತ್ತಿಗೆ ಬೆಳಕು ಸರಿಯಾಗಿ ಹರಿದಿರುವುದಿಲ್ಲ. ಪಾರ್ಕಿಂಗ್ ಲಾಟಿನ ದೀಪಗಳಿಗೆ ಮಂಜು ಸುತ್ತಿಕೊಂಡಿರುತ್ತದೆ. ಹಳದಿ ಬಸ್ಸುಗಳು ಆ ಮಂಜಿನೊಳಗಿಂದ ಒಂದೊಂದಾಗಿ ಮೂಡುತ್ತವೆ. ಮಕ್ಕಳು ಸ್ವೆಟ್‌ಶರ್ಟಿನ ಟೋಪಿಯನ್ನು ಕಣ್ಣಿನವರೆಗೂ ಎಳೆದುಕೊಂಡು, ನಿದ್ದೆಯನ್ನು ಬೆನ್ನ ಮೇಲಿನ ಬ್ಯಾಗಿನಲ್ಲೇ ಹೊತ್ತು ತಂದವರಂತೆ ತೇಲಿಕೊಂಡು ಒಳಗೆ ಬರುತ್ತಾರೆ. ನಾನು ಗುಡ್ ಮಾರ್ನಿಂಗ್ ಸಹ ಹೇಳುವುದಿಲ್ಲ. ಪಿಯಾನೋದ ಒಂದು ಕೀ ಒತ್ತುತ್ತೇನೆ. ಅವರು ಬಾಯಿ ಮುಚ್ಚಿಕೊಂಡೇ ಆ ಸ್ವರವನ್ನು ಗುಂಯ್ ಅನ್ನುತ್ತಾರೆ.

ಮೊದಲು ಕೆಲವರು. ಆಮೇಲೆ ಎಲ್ಲರೂ. ಆ ಝೇಂಕಾರ ನೆಲದಿಂದ ಎದ್ದು, ನಿಂತವರ ಮೊಣಕಾಲು ಮುಳುಗಿಸಿ, ಎದೆ ಮುಳುಗಿಸಿ, ಸೂರಿನ ಹತ್ತಿರದ ಉದ್ದನೆಯ ಕಿಟಕಿಯವರೆಗೂ ತುಂಬಿಕೊಳ್ಳುತ್ತದೆ. ಒಂದು ಗಳಿಗೆ ಯಾರ ದನಿ ಯಾರದ್ದೋ ಗೊತ್ತಾಗುವುದಿಲ್ಲ. ನಾನು ಮೈಸೂರಿನಲ್ಲಿದ್ದೇನೋ ಟೆಕ್ಸಸ್‌ನಲ್ಲಿದ್ದೇನೋ ಅದೂ ಗೊತ್ತಾಗುವುದಿಲ್ಲ. ಅದಕ್ಕೆ ಸಂಬಳ ಬೇರೆ ಕೊಡುತ್ತಾರೆ!

ಆ ಝೇಂಕಾರದಲ್ಲಿ ಈಗ ಒಂದು ದನಿ ಇರಲಿಲ್ಲ.

ತನ್ಮಯನ ಅಪ್ಪ ವಿನಾಯಕ್ ಸ್ಕೂಲಿಗೆ ಬಂದದ್ದು ಮುಂದಿನ ವಾರ. ಧಾರವಾಡದವರು, ಇಲ್ಲೇ ರೌಂಡ್ ರಾಕ್‌ನಲ್ಲಿ ಹಾರ್ಡ್‌ವೇರ್ ಎಂಜಿನಿಯರ್. ಹೆಂಡತಿ ಶೈಲಜಾಗೆ ಮೂರು ಗಂಟೆ ದಾರಿಯ ಲಾಸ್ ಕೊಲಿನಾಸ್‌ನಲ್ಲಿ ಕನ್ಸಲ್ಟಿಂಗ್ ಕೆಲಸ. ಸೋಮವಾರ ನಸುಕಿನಲ್ಲಿ ಡ್ರೈವ್ ಮಾಡಿಕೊಂಡು ಹೋದರೆ ಗುರುವಾರ ಸಂಜೆಯೇ ವಾಪಸ್. ಹಾಗಾಗಿ ವಾರದ ದಿನಗಳಲ್ಲಿ ಮಗನ ಸ್ಕೂಲು, ಟಿಫಿನ್, ಈಜು ಎಲ್ಲವೂ ವಿನಾಯಕ್ ಪಾಲಿಗೆ. ಮಿತಭಾಷಿ ಮನುಷ್ಯ. ಕೋರಸ್ ರೂಮಿನ ಪುಟ್ಟ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮೊಣಕಾಲು ಮಡಚಿ ಕೂತು, ಸ್ವಲ್ಪ ಹೊತ್ತು ಗೋಡೆಯನ್ನೇ ನೋಡಿದರು.

"ಮೇಡಂ, ಒಂದ್ ಮಾತ್ ಹೇಳೋದಿತ್ತರಿ. ತನ್ಮಯನ್ನ ಕೋರಸ್‌ನಿಂದ ತೆಗೀಬೇಕಂತ ಮಾಡೀನಿ."

"ಯಾಕೆ? ಅವನೇ ಹೇಳಿದ್ನಾ?"

"ಅಂವಾ ಏನೂ ಹೇಳಂಗಿಲ್ಲರಿ. ಮನಿಗೆ ಬಂದು ಸುಮ್ಮನ ರೂಮಿನಾಗ ಕೂಡ್ತಾನ. ಮೊದಲೆಲ್ಲ ಬಚ್ಚಲದಾಗ ಹಾಡ್ತಿದ್ದ, ಈಗ ಅದೂ ಇಲ್ಲ. ರೋಬೋಟಿಕ್ಸ್‌ನಾಗ ಒಂದು ಸೀಟ್ ಖಾಲಿ ಅದ ಅಂದ್ರು. ಅಲ್ಲಿಗೆ ಹಾಕ್ತೀನ್ರಿ."

"ವಿನಾಯಕ್, ಅವನ ದನಿ ಎಲ್ಲೂ ಹೋಗಿಲ್ಲ. ಬದಲಾಗ್ತಾ ಇದೆ ಅಷ್ಟೆ. ಈ ವಯಸ್ಸಿನ ಎಲ್ಲಾ ಹುಡುಗರಿಗೂ ಆಗುತ್ತೆ. ಏಪ್ರಿಲ್ ಕಾನ್ಸರ್ಟ್ ಒಂದು ಆಗ್ಲಿ, ಆಮೇಲೆ ನೋಡೋಣ."

"ಅಷ್ಟರಾಗ ಎಲ್ಲಾರೂ ನಕ್ಕು ಮುಗಿಸಿರ್ತಾರ್ರಿ," ಅಂದರು. ಎದ್ದು ನಿಂತರು. ಬಾಗಿಲವರೆಗೆ ಹೋದವರು ತಿರುಗಿ, "ಅದು ಹೆಂಗಿರ್ತದ ಅಂತ ನನಗ ಗೊತ್ತದ ಮೇಡಂ," ಅಂದರು.

ಏನು ಗೊತ್ತು, ಹೇಗೆ ಗೊತ್ತು, ಹೇಳಲಿಲ್ಲ. ಆದರೆ ಏಪ್ರಿಲ್‌ವರೆಗೆ ಕಾಯಲು ಒಪ್ಪಿದರು.

ಒಪ್ಪಿಸಿಬಿಟ್ಟೆ, ಸರಿ. ಈಗ ನಾನೇನು ಮಾಡಬೇಕು?

ಮಾರನೆಯ ದಿನ ಲಂಚ್ ಹೊತ್ತಿಗೆ ತನ್ಮಯನನ್ನು ಕರೆದೆ. ಟಿಫಿನ್ ಡಬ್ಬಿಯ ಸಮೇತ ಬಂದ. (ಒಳಗೆ ಪರೋಟಾ ರೋಲ್. ಅಪ್ಪನ ಕೈಯಡುಗೆ. ಒಂದು ಕಡೆ ಕರಕಲು.) ಸ್ಕೂಲಿನಲ್ಲಿ ನಾನು ಅವನಿಗೆ ಮಿಸ್, ಹೊರಗೆ ಸಿಕ್ಕರೆ ಆಂಟಿ. ಇಬ್ಬರೇ ಇದ್ದಾಗ ನಾನು ಕನ್ನಡದಲ್ಲಿ ಮಾತಾಡುತ್ತೇನೆ, ಅವನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಇದು ನಮ್ಮ ಒಡಂಬಡಿಕೆ.

"ಹಾಡಬೇಡ. ನಾನು ಬಾರಿಸಿದ್ದನ್ನ ಸುಮ್ನೆ ಗುನುಗು ನೋಡೋಣ," ಅಂದೆ.

"ವಾಟ್ ಇಫ್ ಇಟ್ ಕ್ರ್ಯಾಕ್ಸ್?"

"ಒಡೆದ್ರೆ ಒಡೀಲಿ. ಇಲ್ಲಿ ನಾನು, ನೀನು, ಪಿಯಾನೋ. ಪಿಯಾನೋ ಯಾರಿಗೂ ಹೇಳಲ್ಲ."

ನಿಧಾನವಾಗಿ ಒಂದೊಂದೇ ಕೀ ಒತ್ತಿದೆ. ಮೇಲಿನ ಸ್ವರಗಳ ಮನೆ ಪೂರ್ತಿ ಖಾಲಿಯಾಗಿತ್ತು. ಕ್ರಿಸ್‌ಮಸ್‌ವರೆಗೂ ಸಲೀಸಾಗಿ ಓಡಾಡಿಕೊಂಡಿದ್ದ ಜಾಗದಲ್ಲಿ ಬರೀ ಗಾಳಿ. ಕೆಳಗೆ ಹೋದರೆ ಗೊಗ್ಗರು. ನಡುವೆ ಮಾತ್ರ ಒಂದು ಸಣ್ಣ ಜಾಗವಿತ್ತು. ಐದು ಸ್ವರಗಳ ಜಾಗ. ಅಲ್ಲಿ ಅವನ ದನಿ ಒಡೆಯಲಿಲ್ಲ. ಅಷ್ಟೇ ಅಲ್ಲ, ಅಲ್ಲಿ ನಾನು ಅವನಿಂದ ಎಂದೂ ಕೇಳದ ಒಂದು ಬಣ್ಣವಿತ್ತು. ಹಳೆಯ ಮರದ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಗಿಂದ ಬರುವ ಬೆಚ್ಚನೆಯ ವಾಸನೆ ಇರುತ್ತದಲ್ಲ, ಅದು ಕಿವಿಗೆ ಬಿದ್ದರೆ ಹೇಗೋ ಹಾಗೆ.

"ಇದು ಹೊಸದು. ಇದು ನಿಂದೇ," ಅಂದೆ.

"ಫೈವ್ ನೋಟ್ಸ್, ಮಿಸ್. ದಟ್ಸ್ ಲೈಕ್, ನಥಿಂಗ್." ಪರೋಟಾ ಕಚ್ಚಿದ. ಆಮೇಲೆ ಕಿಟಕಿ ನೋಡುತ್ತಾ ಕೇಳಿದ: "ಸೋ ಹೂ ಗೆಟ್ಸ್ ಮೈ ಸೋಲೋ?"

ಈ ಪ್ರಶ್ನೆಗೇ ನಾನು ಹೆದರಿಕೊಂಡಿದ್ದೆ. ಮಾರಿಸೋಲ್‌ಗೆ ಕೊಡುತ್ತೇನೆ ಅಂದೆ. ಮಾರಿಸೋಲ್ ಎರಡನೇ ಸಾಲಿನ ಹುಡುಗಿ. ಒಳ್ಳೆಯ ಕಂಠ, ಹಾಜರಿ ಕೂಗಿದರೂ ಕೆಂಪಾಗುವ ಸಂಕೋಚ. ತನ್ಮಯ್ "ಓಕೆ" ಅಂದ. ಡಬ್ಬಿ ಮುಚ್ಚಿದ. ಸ್ವೆಟ್‌ಶರ್ಟಿನ ಟೋಪಿ ತಲೆಗೆಳೆದುಕೊಂಡು ಹೊರಟುಹೋದ. ಆ ವಯಸ್ಸಿನವರ ಓಕೆಗೆ ಎಷ್ಟು ಅರ್ಥ ಅಂತ ಮನೆಯಲ್ಲಿ ಆ ವಯಸ್ಸಿನವರಿರುವ ಓದುಗರಿಗೆ ನಾನು ಹೇಳಬೇಕಿಲ್ಲ.

ಆ ಶನಿವಾರ ಊಟದ ಟೇಬಲ್ ಮೇಲೆ ಹಾಡಿನ ಹಾಳೆ ಹರಡಿಕೊಂಡು ಕೂತೆ. ತನ್ಮಯನಿಗಾಗಿ ಹೊಸದೊಂದು ಭಾಗ ಬರೆಯಬೇಕಿತ್ತು. ಅವನ ಐದು ಸ್ವರಗಳ ಆಚೆ ಕಾಲಿಡದ ಭಾಗ. ನನ್ನ ಗಂಡ ಲ್ಯಾಪ್‌ಟಾಪ್‌ನಿಂದ ತಲೆ ಎತ್ತಿ, "ಐದೇ ಸ್ವರದಲ್ಲಿ ಏನ್ ಬರೀತೀಯಾ?" ಅಂದರು. ಐದೇ ಸ್ವರದ ಮೋಹನ ರಾಗ ಕೇಳಿ ಕಣ್ಣು ಮುಚ್ಚಿ ತಲೆದೂಗುವ ಜನ ಈ ಪ್ರಶ್ನೆ ಕೇಳಬಹುದೇ? ಬರೆದೆ. ಮೇಲೆ ಮಾರಿಸೋಲ್‌ಳ ದನಿ ಹೊಳೆಯ ಮೇಲಿನ ಬೆಳಕಿನ ಹಾಗೆ ಆಡಿಕೊಂಡಿರುತ್ತದೆ. ಕೆಳಗೆ ಹೊಳೆ ಹರಿಯಬೇಕಲ್ಲ? ಅದು ತನ್ಮಯ್. ಉದ್ದುದ್ದ ಸ್ವರಗಳು. ಆತುರವಿಲ್ಲ. ಅವನು ನಿಲ್ಲಿಸಿದರೆ ಹಾಡು ನೀರಿಲ್ಲದ ಹೊಳೆ.

ಸೋಮವಾರ ಅವನಿಗೆ ಕೊಟ್ಟೆ. ಇನ್ನೂ ಒಂದಿಬ್ಬರು ಹುಡುಗರನ್ನು ಅವನ ಪಕ್ಕಕ್ಕೆ ನಿಲ್ಲಿಸಿದೆ. ಮೊದಲ ವಾರ ಗೊಣಗಿದ. ಎರಡನೇ ವಾರ ಗೊಣಗುವುದು ನಿಂತಿತು. ಒಂದು ಮಧ್ಯಾಹ್ನ ನಾನು ಕಾಫಿ ತರಲು ಹೋಗಿ ವಾಪಸ್ ಬರುವಾಗ ಕೋರಸ್ ರೂಮಿನೊಳಗೆ ಮಾತು ಕೇಳಿಸಿತು. ತನ್ಮಯ್ ಮಾರಿಸೋಲ್‌ಗೆ ಪಾಠ ಹೇಳುತ್ತಿದ್ದ!

"ಡೋಂಟ್ ಲುಕ್ ಅಟ್ ಮಿಸ್. ಶಿ ಲುಕ್ಸ್ ಸೋ ಸ್ಕೇರ್ಡ್ ಆನ್ ದ ಹೈ ನೋಟ್. ಲುಕ್ ಅಟ್ ದ ಕ್ಲಾಕ್."

ನಾನು ಬಾಗಿಲ ಹೊರಗೇ ನಿಂತುಬಿಟ್ಟೆ. ಎತ್ತರದ ಸ್ವರ ಬಂದಾಗ ನನ್ನ ಮುಖ ಹೆದರಿದ ಹಾಗೆ ಕಾಣುತ್ತದಂತೆ. ಇಷ್ಟು ವರ್ಷ ಹಾಡಿಸಿದ್ದೇನೆ, ಯಾರೂ ಹೇಳಿರಲಿಲ್ಲ. (ಅವತ್ತಿನಿಂದ ನಗುಮುಖ ಪ್ರಾಕ್ಟೀಸ್ ಮಾಡುತ್ತಿದ್ದೇನೆ.)

ಅಷ್ಟರಲ್ಲಿ ಏಪ್ರಿಲ್ ಬಂತು. ಹೈವೇ ಬದಿಯಲ್ಲಿ ಬ್ಲೂಬಾನೆಟ್ ಹೂವು ನೀಲಿ ನೀರು ಚೆಲ್ಲಿದ ಹಾಗೆ ಹರಡಿಕೊಂಡಿತು. ಕಾನ್ಸರ್ಟಿನ ಹಿಂದಿನ ದಿನ ಸಂಜೆ ರಿಹರ್ಸಲ್. ಮಕ್ಕಳು ನಿಲ್ಲುವ ಮೆಟ್ಟಿಲು ಹಲಗೆಗಳನ್ನು ಜೋಡಿಸಲು ಒಂದಿಷ್ಟು ಅಪ್ಪ ಅಮ್ಮಂದಿರು ಬಂದಿದ್ದರು. ವಿನಾಯಕ್ ಕೂಡ ಬಂದಿದ್ದರು. ಕೆಲಸ ಮುಗಿಸಿ ಹೋಗಿ ಕೊನೇ ಸಾಲಿನಲ್ಲಿ ಕೂತರು. ಮಗನ ಹೊಸ ದನಿಯನ್ನು ಅವರು ಕೇಳಿದ್ದು ಅವತ್ತೇ ಮೊದಲು.

ಬ್ರೇಕ್ ಕೊಟ್ಟಾಗ ಮಕ್ಕಳು ನೀರಿಗೆ ಓಡಿದರು. ನಾನು ನೀರಿನ ಬಾಟಲಿ ಹಿಡಿದು ವಿನಾಯಕ್ ಪಕ್ಕದಲ್ಲಿ ಕೂತೆ. ಅವರು ನನ್ನ ಕಡೆ ನೋಡದೆ ಮಾತು ಶುರು ಮಾಡಿದರು.

"ನಾನೂ ಹಾಡ್ತಿದ್ದೆರಿ, ಸಾಲ್ಯಾಗ. ದಿನಾ ಮುಂಜಾನೆ ಪ್ರಾರ್ಥನಾ ನಂದೇ. ಧಾರವಾಡದಾಗ ಹಾಡೋ ಹುಡುಗ ಅಂದ್ರ ನಿಮಗ ಗೊತ್ತಲ್ಲರಿ, ಮನಿ ಮನಿಗೆ ಕರದು ಹಾಡಸ್ತಿದ್ರು, ಉಂಡಿ ಕೊಡ್ತಿದ್ರು. ಒಂದು ಆಗಸ್ಟ್ ಹದಿನೈದು, ಇಡೀ ಸಾಲಿ ಮುಂದ, ಮೈಕಿನಾಗ ದನಿ ಒಡೀತು."

"ಆಮೇಲೆ?"

"ಎಲ್ಲಾರೂ ನಕ್ರು. ಪಿ.ಟಿ. ಮಾಸ್ತರು ಬಂದು ಕೈಯಾಗಿಂದ ಮೈಕ್ ಇಸಗೊಂಡು, 'ನಿಂದ ಮುಗೀತಪಾ, ಹೋಗಿ ಕೂಡು' ಅಂದ್ರು. ಹೋಗಿ ಕೂತೆ." ಎದುರಿನ ಖಾಲಿ ಹಲಗೆಗಳನ್ನು ನೋಡಿದರು. "ಇನ್ನೂ ಎದ್ದಿಲ್ಲರಿ."

ನಾನು ಬಾಟಲಿಯ ಮುಚ್ಚಳ ತಿರುಗಿಸಿದೆ.

"ತನ್ಮಯ್ ಹುಟ್ಟಿದಾಗ ಜೋಗುಳ ಸುದ್ದಾ ಶೈಲಾನೇ ಹಾಡಿದ್ಲು. ಎರಡನೇ ದನಿ ನನಗೂ ಬಂದಿರಬೇಕಲ್ಲರಿ? ಬಂತು. ಮಾತಾಡ್ಲಿಕ್ಕೆ ಬಂತು, ಕಾನ್ಫರೆನ್ಸ್ ಕಾಲಿಗೆ ಬಂತು. ಹಾಡ್ಲಿಕ್ಕೆ ಬರ್ತದೋ ಇಲ್ಲೋ ನೋಡಲೇ ಇಲ್ಲ. ಅವತ್ತ ನಮ್ಮ ಮಾಸ್ತರು, ತಮ್ಮಾ, ನಾಕ್ ತಿಂಗಳು ತಡಿ, ಬ್ಯಾರೆದು ಬರ್ತದ ಅಂತ ಒಂದು ಮಾತು ಅಂದಿದ್ರ..."

ಮಕ್ಕಳು ಗದ್ದಲ ಮಾಡುತ್ತಾ ವಾಪಸ್ ಬಂದರು. ನಾನು ಎದ್ದು ಹೋಗಬೇಕಾಯಿತು.

ಮನೆಗೆ ಡ್ರೈವ್ ಮಾಡುವಾಗ ಅದನ್ನೇ ಯೋಚಿಸಿದೆ. ನಮ್ಮ ನಡುವೆ ಹೀಗೆ ಕೂತುಬಿಟ್ಟವರು ಎಷ್ಟು ಜನ? ಹಬ್ಬದ ಪೂಜೆಗೆ ಹೋಗುತ್ತೀರಿ. ಮಂಗಳಾರತಿ ಹೊತ್ತು. "ಯಾರಾದ್ರೂ ಒಂದು ಹಾಡು ಹೇಳ್ರಪ್ಪಾ." ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಅಯ್ಯೋ ನನ್ನ ದನಿ ಚೆನ್ನಾಗಿಲ್ಲ", "ನನಗೆ ಬರಲ್ಲ, ಇವಳು ಹೇಳ್ತಾಳೆ", "ನನಗೆ ಶೀತ". ಕೊನೆಗೆ ಒಬ್ಬರು ಫೋನ್ ತೆಗೆದು ಬ್ಲೂಟೂತ್ ಸ್ಪೀಕರ್‌ಗೆ ಕನೆಕ್ಟ್ ಮಾಡುತ್ತಾರೆ. ದೇವರು ಆಡಿಯೋ ಫೈಲ್ ಕೇಳಿಸಿಕೊಂಡು ಆರತಿ ತೆಗೆದುಕೊಳ್ಳುತ್ತಾನೆ. ಹಾಡಲು ಬಾರದ ಮಗುವನ್ನು ನಾನಿನ್ನೂ ನೋಡಿಲ್ಲ. ಹಾಡಲು ಬಾರದ ದೊಡ್ಡವರು ಮಾತ್ರ ರೂಮು ತುಂಬಾ! ನಡುವೆ ಎಲ್ಲೋ ಯಾರೋ ಏನೋ ಅಂದಿರಲೇಬೇಕಲ್ಲವೇ?

ಕಾನ್ಸರ್ಟಿನ ದಿನ ಹಾಲ್ ತುಂಬಿತ್ತು. ಶೈಲಜಾ ಲಾಸ್ ಕೊಲಿನಾಸ್‌ನಿಂದ ಬೇಗ ಹೊರಟಿದ್ದರೂ ಹೈವೇ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು, ಆಫೀಸಿನ ಐಡಿ ಕಾರ್ಡ್ ಕೊರಳಲ್ಲಿ ಹಾಗೇ ನೇತಾಡಿಸಿಕೊಂಡು ಕೊನೇ ನಿಮಿಷದಲ್ಲಿ ಓಡಿ ಬಂದರು. ಹೊಳೆಯ ಹಾಡು ಬಂತು. ಮಾರಿಸೋಲ್ ಮುಂದೆ ಬಂದಳು. ನಾನು ಕೈ ಎತ್ತಿದೆ. ಅವಳು ನನ್ನನ್ನು ನೋಡಲಿಲ್ಲ, ನೇರವಾಗಿ ಗೋಡೆಯ ಗಡಿಯಾರ ನೋಡಿದಳು. ಹಾಡಿದಳು. ಆ ಸ್ವರಕ್ಕೆ ಏರಿದಳು, ಮುಟ್ಟಿದಳು, ಅಲ್ಲೇ ಒಂದು ಗಳಿಗೆ ಕೂತಳು. ಆಗ ಕೆಳಗಿನಿಂದ ಹುಡುಗರ ದನಿ ಬಂತು.

ಎಲ್ಲವೂ ಸರಿಯಾಗಿ ಆಯಿತು ಅಂತ ಬರೆಯಬಹುದಿತ್ತು. ಆಗಲಿಲ್ಲ. ಎರಡನೇ ಚರಣದಲ್ಲಿ ತನ್ಮಯನ ದನಿ ಒಡೆಯಿತು. ಇಡೀ ಹಾಲಿಗೆ ಕೇಳಿಸುವ ಹಾಗೆ. ಕೊನೇ ಸಾಲಿನಲ್ಲಿ ವಿನಾಯಕ್ ರೆಕಾರ್ಡ್ ಮಾಡುತ್ತಿದ್ದ ಫೋನನ್ನು ಇಳಿಸಿಬಿಟ್ಟರು ಅಂತ ಶೈಲಜಾ ಆಮೇಲೆ ಹೇಳಿದರು.

ತನ್ಮಯ್ ನಗಲಿಲ್ಲ. ಆಡಿನ ಹಾಗೆ ಅರಚಲಿಲ್ಲ. ಬಾಯಿ ಮುಚ್ಚಿ, ಮೂಗಿನಲ್ಲಿ ಉಸಿರೆಳೆದುಕೊಂಡು, ಮುಂದಿನ ಸ್ವರಕ್ಕೆ ಕಾಯ್ದ. ಅದು ಬಂತು. ಇವನು ಅದರೊಳಗೆ ಕಾಲಿಟ್ಟ. ಅಷ್ಟೇ. ಹೊಳೆ ಮುಂದೆ ಹರಿಯಿತು. ಪಕ್ಕದ ಹುಡುಗರೂ ನಗಲಿಲ್ಲ. ಇವತ್ತು ಅವನಿಗೆ, ನಾಳೆ ತಮಗೆ ಅಂತ ಅವರಿಗೂ ಗೊತ್ತಿತ್ತೋ ಏನೋ. ಹಾಡು ಮುಗಿದ ಮೇಲೆ ಚಪ್ಪಾಳೆಗೆ ಮೊದಲು ಒಂದು ಮೌನ ಬರುತ್ತದಲ್ಲ, ಅದರೊಳಗೆ ನಾನು ಸ್ವಲ್ಪ ಹೊತ್ತು ತೇಲಿದೆ. ಅಲ್ಲೇ ಇದ್ದುಬಿಡೋಣ ಅನ್ನಿಸಿತು.

ಜನ ಹೋದರು. ಹೂವಿನ ಗುಚ್ಛ, ಫೋಟೋ, ಕಪ್‌ಕೇಕ್ ಎಲ್ಲ ಮುಗಿಯಿತು. ಶೈಲಜಾ ಆಫೀಸಿನ ಯಾವುದೋ ಕರೆ ತೆಗೆದುಕೊಂಡು ಹೊರಗಿದ್ದರು. ಹಾಲಿನಲ್ಲಿ ಉಳಿದವರು ನಾನು, ವಿನಾಯಕ್, ತನ್ಮಯ್. ವಿನಾಯಕ್ ಹಲಗೆ ಬಿಚ್ಚುತ್ತಿದ್ದರು, ತನ್ಮಯ್ ಕುರ್ಚಿ ಮಡಚುತ್ತಿದ್ದ, ನಾನು ಹಾಳೆ ಜೋಡಿಸುತ್ತಿದ್ದೆ. ಅರ್ಧ ದೀಪ ಆರಿಸಿದ್ದರು.

ಎಲ್ಲಿಂದಲೋ ಗುನುಗು ಕೇಳಿಸಿತು. ತನ್ಮಯನ ಭಾಗ. ಹೊಳೆಯ ಭಾಗ. ತನ್ಮಯ್ ಹಾಡುತ್ತಿದ್ದಾನೆ ಅಂದುಕೊಂಡು ತಲೆ ಎತ್ತಿದೆ. ತನ್ಮಯ್ ಮಡಚಿದ ಕುರ್ಚಿಯನ್ನು ಕೈಯಲ್ಲಿ ಹಿಡಿದು ಬೊಂಬೆಯ ಹಾಗೆ ನಿಂತಿದ್ದ. ಹಾಡುತ್ತಿದ್ದದ್ದು ವಿನಾಯಕ್. ಸ್ಕ್ರೂ ತಿರುಗಿಸುತ್ತಾ, ನಮ್ಮ ಕಡೆ ಬೆನ್ನು ಹಾಕಿಕೊಂಡು, ತಾವು ಹಾಡುತ್ತಿದ್ದೇವೆ ಅನ್ನುವುದು ತಮಗೇ ಗೊತ್ತಿಲ್ಲದ ಹಾಗೆ. ತುಕ್ಕು ಹಿಡಿದ ದನಿ. ಆದರೆ ಒಳಗೆ ಕಂಚು.

ಅಪ್ಪ ಹಾಡಿದ್ದನ್ನು ತನ್ಮಯ್ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕುರ್ಚಿಯನ್ನು ಸದ್ದಾಗದಂತೆ ನೆಲಕ್ಕಿಟ್ಟ. ಮೆಲ್ಲಗೆ ತಾನೂ ಸೇರಿಕೊಂಡ. ಅದೇ ಸ್ವರ, ಅದೇ ಎತ್ತರ. ಕ್ರಿಸ್‌ಮಸ್‌ನಲ್ಲಾಗಿದ್ದರೆ ಇದು ಸಾಧ್ಯವಿರಲಿಲ್ಲ. ಮಗನ ದನಿ ಆಗ ಬೇರೆಯೇ ಆಕಾಶದಲ್ಲಿತ್ತು. ಈಗ ಇಳಿದು ಬಂದು ಅಪ್ಪನ ಪಕ್ಕದಲ್ಲಿ ನಿಂತಿತ್ತು. ವಿನಾಯಕ್ ಕೈ ನಿಂತಿತು. ತಿರುಗಲಿಲ್ಲ. ತಿರುಗಿದರೆ ಎಲ್ಲಿ ನಿಂತುಹೋಗುತ್ತದೋ ಅನ್ನುವ ಹಾಗೆ ಗೋಡೆ ನೋಡಿಕೊಂಡೇ ಕೊನೆಯವರೆಗೂ ಹಾಡಿದರು.

ಮುಗಿದ ಮೇಲೆ ತನ್ಮಯ್ ಹೇಳಿದ: "ಅಪ್ಪಾ, ಯು ವರ್ ಎ ಲಿಟಲ್ ಫ್ಲ್ಯಾಟ್."

ಶ್ರುತಿ ಸ್ವಲ್ಪ ಇಳಿದಿತ್ತು ಅಂತ. ಹೌದು, ಇಳಿದಿತ್ತು. ಸುಳ್ಳೇಕೆ ಹೇಳಲಿ?

ವಿನಾಯಕ್ ತಿರುಗಿದರು. ಕಣ್ಣು ಕೆಂಪಗಾಗಿತ್ತು, ಮುಖ ತುಂಬಾ ನಗು. "ಹೌದೇನು? ಎಲ್ಲೆಲ್ಲಿ? ತೋರ್ಸು ನೋಡೋಣು," ಅಂದರು. ಮಗ ಪಿಯಾನೋ ಮುಂದೆ ಕೂತು ಒಂದು ಕೀ ಒತ್ತಿ ಅಪ್ಪನಿಗೆ ತೋರಿಸಿಕೊಟ್ಟ. ನಾನು ಹಾಳೆಗಳನ್ನು ಎತ್ತಿಕೊಂಡು ಮೆಲ್ಲಗೆ ಹೊರಗೆ ಬಂದೆ. ಆ ಪಾಠಕ್ಕೆ ಟೀಚರ್ ಬೇಕಿರಲಿಲ್ಲ. ರೋಬೋಟಿಕ್ಸ್ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಮೊನ್ನೆ ಗುರುವಾರ ಬೆಳಿಗ್ಗೆ ಮೊದಲ ಪೀರಿಯಡ್‌ಗೆ ತನ್ಮಯ್ ಎಲ್ಲರಿಗಿಂತ ಮೊದಲೇ ಬಂದ. ಮುಖ ಗಂಟು ಹಾಕಿಕೊಂಡಿದ್ದ. ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸಬಾರದು ಅಂತ ದನಿ ತಗ್ಗಿಸಿ (ಈಗ ಅದು ಸಾಕಷ್ಟು ತಗ್ಗುತ್ತದೆ) ಕಂಪ್ಲೇಂಟ್ ಹೇಳಿದ.

"ಮಿಸ್, ಅಪ್ಪ ವೋಂಟ್ ಸ್ಟಾಪ್ ಸಿಂಗಿಂಗ್ ಇನ್ ದ ಕಾರ್. ವಿತ್ ದ ವಿಂಡೋಸ್ ಡೌನ್! ಎವ್ರಿಬಡಿ ಇನ್ ದ ಡ್ರಾಪ್-ಆಫ್ ಲೈನ್ ಕ್ಯಾನ್ ಹಿಯರ್. ಕ್ಯಾನ್ ಯು ಪ್ಲೀಸ್ ಟೆಲ್ ಹಿಮ್?"

ನಾನು ಇನ್ನೂ ಹೇಳಿಲ್ಲ. ನೀವಾಗಿದ್ದರೆ ಹೇಳುತ್ತಿದ್ದಿರಾ?